ಮೊಂಬಾಸಾ ಓಬಕ್ಕನ ಮುಯ್ಯಿ

ಓಬಕ್ಕನ ಸೀರೆ ಮೊದಲು ಒದ್ದೆಯಾದದ್ದು ಬೆನ್ನ ಕಡೆಯಿಂದ. ಹಾಗಾಗಿ ಸಂಗತಿ ಅವಳಿಗಿಂತ ಮುಂಚೆ ಓಣಿಗೆ ಗೊತ್ತಾಯಿತು.

ಐವತ್ತೊಂಬತ್ತನೆಯ ಇಸವಿಯ ಬೇಸಿಗೆ. ದಾವಣಗೆರೆಯಿಂದ ಹದಡಿಗೆ ಹೋಗುವ ರಸ್ತೆಯ ಬದಿಗೆ, ಪೇಟೆ ಮುಗಿದು ಹೊಲ ಶುರುವಾಗುವಲ್ಲಿ, ಕಣದ ಓಣಿ ಇತ್ತು. ಅಲ್ಲಿಯ ಗಂಡಸರಲ್ಲಿ ಅರ್ಧ ಜನ ಹೊಲಕ್ಕೆ ಹೋಗುವವರು, ಅರ್ಧ ಜನ ಮಿಲ್ಲಿಗೆ ಹೋಗುವವರು. ಹೆಂಗಸರು ಮಾತ್ರ ಎಲ್ಲರೂ ನೀರಿಗೆ ಹೋಗುವವರು, ಅದೂ ಬಹಳ ದೂರ. ಓಣಿಯ ಬಾವಿಯ ನೀರಿನಲ್ಲಿ ಬೇಳೆ ಬೇಯುತ್ತಿರಲಿಲ್ಲ. ಆ ಓಣಿಯ ನಡುಮಧ್ಯೆ, ಬೇವಿನ ಮರದ ಪಕ್ಕ, ನಾಲ್ಕು ಕಲ್ಲುಕಂಬಗಳ ಮೇಲೆ ಈಗ ಹೊಸ ನೀರಿನ ಟ್ಯಾಂಕು ಎದ್ದು ನಿಂತಿತ್ತು. ಟ್ಯಾಂಕಿನ ಕೆಳಗೆ ಕುರ್ಚಿ, ಕುರ್ಚಿಯ ಮೇಲೆ ಅದನ್ನು ಕಟ್ಟಿಸಿದ ಓಬಕ್ಕ. ಆಫ್ರಿಕಾದ ಮೊಂಬಾಸಾದಿಂದ ಹಡಗಿನಲ್ಲಿ ಬಂದವಳು. ಕೊರಳಲ್ಲಿ ಚೆಂಡುಹೂವಿನ ಹಾರ, ಮೈಮೇಲೆ ಗರಿಗರಿ ರೇಷ್ಮೆ, ಮುಖದ ಮೇಲೆ ಬಹಳ ವರ್ಷದಿಂದ ಕಾದಿಟ್ಟ ಒಂದು ನಗೆ.

ಎದುರಿಗೆ ನಿಂತವನು ಅವಳ ಭಾವ ತಿಪ್ಪೇರುದ್ರಪ್ಪ, ಅಂದರೆ ತೀರಿಕೊಂಡ ಗಂಡನ ಅಣ್ಣ. ಓಣಿಗೆಲ್ಲ ದೊಡ್ಡ ಗಂಟಲಿನವನು. ಆತ ಹೊಲದ ಈ ಬದುವಿನಲ್ಲಿ ಕೆಮ್ಮಿದರೆ ಆ ಬದುವಿನ ಎತ್ತು ನಿಲ್ಲುತ್ತಿತ್ತು. ಟ್ಯಾಂಕನ್ನು ಓಣಿಗೆ ಒಪ್ಪಿಸುವ ಮುಂಚೆ ಕೊಟ್ಟವಳ ಹೆಸರು ಹಿಡಿದು ಆತನೇ ಕೂಗಬೇಕೆಂದು ಓಬಕ್ಕ ಷರತ್ತು ಹಾಕಿದ್ದಳು. ಆತ ಕೂಗಲು ಬಾಯಿ ತೆರೆದ.

"ಓಬಕ್ಕನ ಮುಯ್ಯೀ... ಒಂದು ನೀರಿನ ಟ್ಯಾಂಕೂ..."

ಅಷ್ಟರಲ್ಲಿ ಟ್ಯಾಂಕಿನ ಅಡಿಯ ಮೂಲೆಯಿಂದ ಬೆರಳುಗಾತ್ರದ ನೀರಿನ ಎಳೆಯೊಂದು ಜಿಗಿದು ನೇರವಾಗಿ ಓಬಕ್ಕನ ಬೆನ್ನಿಗೆ ಬಿತ್ತು. ಸಿಮೆಂಟಿನ ಇನ್ನೊಂದು ಮೂಲೆಯೂ ಬಾಯಿ ಬಿಟ್ಟಿತು. ಅವಳು ಎದ್ದು ನಿಲ್ಲುವಷ್ಟರಲ್ಲಿ ರೇಷ್ಮೆ ತನ್ನ ಗರಿಯನ್ನೆಲ್ಲ ಕಳೆದುಕೊಂಡು ಮೈಗೆ ಅಂಟಿತ್ತು. ತಿಪ್ಪೇರುದ್ರಪ್ಪ ಒಂದು ಕ್ಷಣ ಮೇಲೆ ನೋಡಿದ, ಕೆಳಗೆ ನೋಡಿದ. ದೇವರು ಇಷ್ಟು ಒಳ್ಳೆಯವನು ಎಂದು ಆತನಿಗೆ ಅದುವರೆಗೆ ಗೊತ್ತಿರಲಿಲ್ಲ. ಉಸಿರು ಪೂರ್ತಿ ಎಳೆದುಕೊಂಡು ಕೂಗು ಮುಗಿಸಿದ.

"...ಸೋರ್ತೈತೇ!"

ಓಣಿಗೆ ಓಣಿಯೇ ನಕ್ಕಿತು. ಬಾಜಾದವನು ನಗು ತಡೆಯಲಾರದೆ ಪೀಪಿಯೊಳಗೇ ನಕ್ಕ; ಅದು ಬೇರೆ ಒಂದು ಸ್ವರವಾಗಿ ಹೊರಟಿತು.

ಆ ಮನೆತನದ ಸೊಸೆಯಂದಿರು ಭಾವನ ಮುಖ ನೋಡಿ ಮಾತಾಡುವಂತಿಲ್ಲ. ಹೇಳಬೇಕಾದ್ದನ್ನು ಮಗುವಿಗೋ ಎಮ್ಮೆಗೋ ಗೋಡೆಗೋ ಹೇಳಬೇಕು, ಭಾವ ಕೇಳಿಸಿಕೊಳ್ಳಬೇಕು. ಭಾವನ ಹೆಸರನ್ನೂ ಎತ್ತುವಂತಿಲ್ಲ, ಆತನ ಮಗಳು ನೀಲಕ್ಕನ ಹೆಸರು ಹಿಡಿದು ಹೇಳಬೇಕು. ಓಬಕ್ಕ ಸೆರಗು ಹಿಂಡುತ್ತ ಬೇವಿನ ಮರದ ಕಡೆ ತಿರುಗಿದಳು.

"ಏ ಬೇವಿನಮರ, ನೀಲಕ್ಕನ ಅಪ್ಪಗೆ ಹೇಳು. ಆ ಕೊನೇ ಮಾತು ಬಿಟ್ಟು ನನ್ನ ಮುಯ್ಯಿ ಪೂರ್ತಿ ಕೂಗೋತಂಕ ನಾನು ಹಡಗು ಹತ್ತಂಗಿಲ್ಲ."

ತಿಪ್ಪೇರುದ್ರಪ್ಪನೂ ಮರದ ಕಡೆಗೇ ತಿರುಗಿದ. "ಏ ಮರ, ಅಕಿಗೆ ಹೇಳು. ಟ್ಯಾಂಕಿನ ಬಾಯಿ ಮುಚ್ಚಿದ ದಿನ ನನ್ನ ಬಾಯೂ ಮುಚ್ಚತೈತೆ."

ಮರ ಎರಡನ್ನೂ ಕೇಳಿಸಿಕೊಂಡಿತು. ಆದರೆ ಈ ಜಗಳ ಶುರುವಾದಾಗ ಅದು ಇನ್ನೂ ಗಿಡವಾಗಿತ್ತು. ಆದ್ದರಿಂದ ಹಿಂದಿನದನ್ನು ನಾವೇ ಹೇಳಬೇಕು.

ಮದುವೆಗೆ ಬಂದ ನೆಂಟರು ಕೊಡುವ ಉಡುಗೊರೆಗೆ ಮುಯ್ಯಿ ಎನ್ನುತ್ತಾರೆ. ಒಬ್ಬ ಗಟ್ಟಿ ಗಂಟಲಿನವನು ಚಪ್ಪರದಲ್ಲಿ ಎದ್ದು ನಿಂತು, ಕೊಟ್ಟವರ ಹೆಸರನ್ನೂ ಕೊಟ್ಟ ವಸ್ತುವನ್ನೂ ಕೂಗುತ್ತಾನೆ. ಬಂದ ಮುಯ್ಯಿಯನ್ನು ಬೇಡವೆನ್ನುವಂತಿಲ್ಲ; ಬೇಡವೆಂದರೆ ನಂಟು ಹರಿದ ಹಾಗೆ. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಅದಕ್ಕೆ ಚೂರು ಸೇರಿಸಿ ಹಿಂದಿರುಗಿಸಬೇಕು. ಪಾತ್ರೆಯನ್ನಾದರೆ ಬರಿದಾಗಿ ಕೊಡಬಾರದು. ಕಾಳು ತುಂಬಿ ಕೊಡಬೇಕು, ಕಾಳಿಗೆ ಗತಿಯಿಲ್ಲದವರು ನೀರಾದರೂ ತುಂಬಬೇಕು. ಸೇಡು ತೀರಿಸಿಕೊಳ್ಳುವುದಕ್ಕೂ ಕನ್ನಡದವರು ಮುಯ್ಯಿ ಎಂದೇ ಹೇಳುತ್ತಾರೆ. ಭಾಷೆಗೆ ಮೊದಲಿನಿಂದ ಗೊತ್ತಿದ್ದದ್ದು ತಿಪ್ಪೇರುದ್ರಪ್ಪನಿಗೆ ಗೊತ್ತಾಗಲು ತಡವಾಯಿತು.

ಓಬಕ್ಕನ ಗಂಡ ಕಾಲರಾದಲ್ಲಿ ಹೋದ. ಅವಳಿಗಿನ್ನೂ ಚಿಕ್ಕ ವಯಸ್ಸು, ಮಕ್ಕಳಿರಲಿಲ್ಲ. ವರ್ಷ ತುಂಬುವ ಮೊದಲೇ ತಿಪ್ಪೇರುದ್ರಪ್ಪ ಪಾಲು ಮಾಡಿದ. ಹೊಲ ಅಣ್ಣನಿಗೆ, ಎತ್ತು ಅಣ್ಣನಿಗೆ, ಪಡಸಾಲೆ ಅಣ್ಣನಿಗೆ. ಓಬಕ್ಕನಿಗೆ ಹಿತ್ತಲ ಕೋಣೆ, ಒಂದು ಬೀಸೋಕಲ್ಲು, ಎರಡು ತಾಮ್ರದ ಕೊಡ. "ಒಬ್ಬಾಕೆಗೆ ಎರಡು ಕೊಡ ಸಾಕಲ್ಲೇನು?" ಎಂದು ಆತ ಪಂಚರನ್ನು ಕೇಳಿದನಂತೆ. ಕೊಡ ಕೊಟ್ಟವನು ತಾನು ಕೊಡುಗೈ ದೊರೆ ಎಂದುಕೊಂಡಿದ್ದಿರಬೇಕು.

ಆಮೇಲೆ ಆತನ ಮಗಳು ನೀಲಕ್ಕನಿಗೆ ಹರಿಹರದಲ್ಲಿ ಗಂಡು ಗೊತ್ತಾಯಿತು. ಗಂಡಿನ ಮನೆಯಲ್ಲೇ ಮದುವೆ. ಓಣಿಯ ಗಾಡಿಗಳೆಲ್ಲ ಸಾಲಾಗಿ ಹರಿಹರಕ್ಕೆ ಹೋದವು. ಓಬಕ್ಕನೂ ಮಡಿಲಲ್ಲಿ ಒಂದು ಕೊಡ ಇಟ್ಟುಕೊಂಡು ಕೊನೆಯ ಗಾಡಿಯಲ್ಲಿ ಹೋದಳು. ನೀಲಕ್ಕನನ್ನು ಎತ್ತಿ ಆಡಿಸಿದವಳು. ಮುಯ್ಯಿ ಮಾಡದೆ ಹೇಗಿರುತ್ತಾಳೆ? ತುಂಬುವುದಕ್ಕೆ ಕಾಳಿರಲಿಲ್ಲ. ಮುಯ್ಯಿ ಕೂಗುವ ಹೊತ್ತಿಗೆ ಹೊಳೆಗೆ ಹೋಗಿ, ತುಂಗಭದ್ರೆಯ ನೀರನ್ನು ಕಂಠಮಟ್ಟ ತುಂಬಿಕೊಂಡು, ಏದುಸಿರು ಬಿಡುತ್ತ ಚಪ್ಪರಕ್ಕೆ ಓಡಿಬಂದಳು. ಯಾಕೆ ಓಡಿದಳೆಂದು ಯಾರೂ ಕೇಳಲಿಲ್ಲ, ಪ್ರೀತಿಯಿಂದ ಎಂದುಕೊಂಡರು.

ಮುಯ್ಯಿ ಕೂಗುತ್ತಿದ್ದವನು ತಿಪ್ಪೇರುದ್ರಪ್ಪನೇ. ಕೊಡವನ್ನು ಎತ್ತಿ ಹಿಡಿದ. ಅದರ ಬುಡದಿಂದ ನೀರು ಜಿನುಗಿ ಮದುಮಗನ ಹೊಸ ಪಂಚೆಯ ಮೇಲೆ, ಅದೂ ಹೇಳಬಾರದ ಜಾಗದಲ್ಲಿ, ತೊಟ್ಟಿಕ್ಕಿತು. ಜನ ಕೊಡ ನೋಡಿದರು, ಪಂಚೆ ನೋಡಿದರು, ಆಮೇಲೆ ನೆಲ ನೋಡಿದರು. ಚಪ್ಪರದಿಂದ ಹೊಳೆಯ ದಂಡೆಯವರೆಗೂ ಧೂಳಿನಲ್ಲಿ ಒಂದು ಒದ್ದೆ ಗೆರೆ.

"ಓಬಕ್ಕನ ಮುಯ್ಯೀ... ಒಂದು ತಾಮ್ರದ ಕೊಡಾ... ಸೋರ್ತೈತೇ!" ಎಂದು ಕೂಗಿದ ತಿಪ್ಪೇರುದ್ರಪ್ಪ, ಅಷ್ಟಕ್ಕೆ ಬಿಡದೆ ಸೇರಿಸಿದ. "ನೋಡ್ರಪ್ಪಾ, ಹೊಳೆಗೆ ದಾರಿ ಗೊತ್ತಿಲ್ಲದೋರು ಈ ಗೆರೆ ಹಿಡಕಂಡು ಹೋಗ್ರಿ!"

ಹರಿಹರ ನಕ್ಕಿತು, ದಾವಣಗೆರೆ ನಕ್ಕಿತು, ಮದುಮಗನೂ ನಕ್ಕ. ನಗದವರು ಇಬ್ಬರೇ: ತಲೆ ಬಗ್ಗಿಸಿ ಕೂತಿದ್ದ ನೀಲಕ್ಕ ಮತ್ತು ಓಬಕ್ಕ. ಊಟದ ಪಂಕ್ತಿಗೆ ಹೋಗುವ ಮೊದಲೇ ಅವಳ ಹೆಸರು "ಸೋರೋ ಕೊಡದ ಓಬಕ್ಕ" ಎಂದಾಗಿತ್ತು.

ಓಬಕ್ಕ ಉಣ್ಣಲಿಲ್ಲ. ಎದ್ದು ಹರಿಹರದ ರೈಲು ನಿಲ್ದಾಣಕ್ಕೆ ನಡೆದಳು. ಅಲ್ಲಿ ಸೇತುವೆಯ ತಪಾಸಣೆಗೆ ಬಂದಿದ್ದ ರೈಲ್ವೆಯ ಬಿಳಿ ಸಾಹೇಬನ ಹೆಂಡತಿ ಅಳುವ ಮಗುವನ್ನು ಹಿಡಿದು ತಾನೂ ಅಳುವುದರಲ್ಲಿದ್ದಳು. ಆಯಾ ಆ ಬೆಳಿಗ್ಗೆಯೇ ಕೆಲಸ ಬಿಟ್ಟು ಓಡಿದ್ದಳು. ಮೇಮ್‌ಸಾಹೇಬಳು ಏನೋ ಕೇಳಿದ್ದು ಇಂಗ್ಲಿಷಿನಲ್ಲಿ, ಓಬಕ್ಕ ಉತ್ತರ ಕೊಟ್ಟದ್ದು ಮಗುವನ್ನು ಎತ್ತಿಕೊಂಡು. ಮಗು ಸುಮ್ಮನಾಯಿತು. ಆಮೇಲೆ ಅವಳು ದಾವಣಗೆರೆಗೆ ಒಂದೇ ಒಂದು ಸಲ ಹೋಗಿಬಂದಳು. ಸೀರೆಗಂಟು ಮತ್ತು ಉಳಿದಿದ್ದ ಇನ್ನೊಂದು ಕೊಡವನ್ನು ತರಲು. ಸಾಹೇಬನಿಗೆ ಆಫ್ರಿಕಾದ ರೈಲ್ವೆಗೆ ಕೆಲಸ ಬದಲಾದಾಗ ಮಗುವಿನ ಜೊತೆ ಓಬಕ್ಕನೂ, ಓಬಕ್ಕನ ಜೊತೆ ಕೊಡವೂ ಹಡಗು ಹತ್ತಿದವು.

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಕ್ಷಮೆಯ ಮೇಲೆ ಗಂಟೆಗಟ್ಟಲೆ ಪಾಠ ಮಾಡುತ್ತಿದ್ದರು. ಅವರಿಗೆ ಓಬಕ್ಕನ ಪರಿಚಯವಿರಲಿಲ್ಲ. ಸಮುದ್ರ ದಾಟಿದರೆ ಮನಸ್ಸು ದೊಡ್ಡದಾಗುತ್ತದೆ ಎನ್ನುತ್ತಾರೆ. ಓಬಕ್ಕನ ಮನಸ್ಸು ದೊಡ್ಡದಾದದ್ದು ನಿಜ, ಅದರೊಳಗಿದ್ದ ಸಿಟ್ಟಿಗೆ ಇನ್ನಷ್ಟು ಜಾಗವಾಯಿತು.

ಸಾಹೇಬನ ಸಂಸಾರ ಸ್ವದೇಶಕ್ಕೆ ಹೋದ ಮೇಲೆ ಅವಳು ಮೊಂಬಾಸಾದಲ್ಲೇ ನಿಂತಳು. ರೈಲ್ವೆ ಕೆಲಸಗಾರರ ಮನೆಗಳ ಹತ್ತಿರ ತಗಡಿನ ಮಾಡಿನ ಒಂದು ಖಾನಾವಳಿ ತೆರೆದಳು. ಆ ಸೀಮೆಯಲ್ಲಿ ಜೋಳವೂ ಸಿಗುತ್ತದೆ, ರಾಗಿಯೂ ಸಿಗುತ್ತದೆ. ಹಂಚಿನ ಮೇಲೆ ರೊಟ್ಟಿ ಬಡಿಯುವ ಸದ್ದು ಕೇಳಿ ನಮ್ಮ ಕಡೆಯವರು ಎಲ್ಲೆಲ್ಲಿಂದಲೋ ಬಂದರು. ಹರಿಹರದ ಹಿದಾಯತ್ ಬಂದ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರು. ಮಾಯಕೊಂಡದ ಕೆಂಚವೀರಪ್ಪ ಬಂದ. ಬಂದರಿನ ಗೋದಾಮಿನಲ್ಲಿ ಗುಮಾಸ್ತ. ಬಾಗಿಲ ಪಕ್ಕ ಮಣೆಯ ಮೇಲೆ ಆ ತಾಮ್ರದ ಕೊಡ ಥಳಥಳ ಹೊಳೆಯುತ್ತ ಕೂತಿರುತ್ತಿತ್ತು. ದಿನಾ ಹುಣಸೆಹುಳಿ ಹಚ್ಚಿ ತಿಕ್ಕುವುದು ಅವಳ ಪೂಜೆ. ಒಲೆಯಲ್ಲಿ ಹೊಗೆ, ಎದೆಯಲ್ಲಿ ಹಗೆ. ಎರಡನ್ನೂ ಅವಳು ಆರಲು ಬಿಡಲಿಲ್ಲ.

"ಏನಕ್ಕಾ, ಈ ಕೊಡಕ್ಕೆ ಇಷ್ಟು ಉಪಚಾರ?" ಎಂದು ಹಿದಾಯತ್ ಒಂದು ದಿನ ಕೇಳಿದ.

ಓಬಕ್ಕ ಮದುವೆಯ ಕತೆ ಹೇಳಿದಳು. ಹೊಳೆ, ಚಪ್ಪರ, ಪಂಚೆ, ಒದ್ದೆ ಗೆರೆ, ಕೂಗು. ಹೇಳಿದ್ದು ಅಷ್ಟೇ. ಹಿದಾಯತ್ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಬಡಿದ.

"ತೂತು ಅವನೇ ಮಾಡಿರಬೇಕು, ಖರೇನೇ! ದಬ್ಬಣ ಹಾಕಿ ಚುಚ್ಯಾನೆ. ನಾನು ಫಿಟ್ಟರಕ್ಕಾ, ತಾಮ್ರ ತಾನಾಗೇ ತೂತಾಗಂಗಿಲ್ಲ."

"ಬಡವಿ ಮುಯ್ಯಿಗೆ ದಬ್ಬಣ ಹಾಕಿದನೇ, ಅವನ ಮನಿ ಹಾಳಾಗ!" ಎಂದ ಕೆಂಚವೀರಪ್ಪ.

ಓಬಕ್ಕ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಇಬ್ಬರಿಗೂ ಇನ್ನೊಂದೊಂದು ರೊಟ್ಟಿ ಹಾಕಿದಳು. ಮಾರನೆಯ ದಿನದಿಂದ ಕೊಡದ ಪಕ್ಕ ಒಂದು ಬಿಸ್ಕೀಟಿನ ಡಬ್ಬಿ ಬಂದು ಕೂತಿತು. ಊರಿನ ಕೆಲಸಕ್ಕೆ ಎಂದು ಸಂಬಳದ ದಿನ ನಮ್ಮ ಕಡೆಯವರು ಅದರಲ್ಲಿ ಕೈಲಾದಷ್ಟು ಹಾಕಬೇಕು. ಹಾಕದವರಿಗೆ ಊಟ ನಿಲ್ಲುತ್ತಿರಲಿಲ್ಲ, ತುಪ್ಪ ನಿಲ್ಲುತ್ತಿತ್ತು.

ಪರದೇಶಕ್ಕೆ ಹೋದವರು ಹುಟ್ಟಿದೂರಿಗೆ ಮಾಡಿದ ಉಪಕಾರಗಳ ಬಗ್ಗೆ ಸಭೆಗಳಲ್ಲಿ ಮಾತಾಡುವವರು ಮಣ್ಣಿನ ಋಣ, ತಾಯಿನೆಲದ ಪ್ರೀತಿ ಎನ್ನುತ್ತಾರೆ. ಇರಬಹುದು. ಆದರೆ ಮೊಂಬಾಸಾದ ಡಬ್ಬಿ ತುಂಬಿದ್ದು ಪ್ರೀತಿಯಿಂದಲ್ಲ. ಕೆಂಚವೀರಪ್ಪನನ್ನು ಒಬ್ಬ ಮೇಷ್ಟ್ರು ಕತ್ತೆ ಎಂದಿದ್ದರು. ಅವನು ಆ ಶಾಲೆಗೆ ಪ್ರಪಂಚದ ದೊಡ್ಡ ನಕ್ಷೆ ಕಳಿಸಿ, ತಾನಿರುವ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟು, ಪಕ್ಕದಲ್ಲಿ ತನ್ನ ಹೆಸರು ಬರೆದ. ಹಿದಾಯತನನ್ನು ಚಿಕ್ಕಂದಿನಲ್ಲಿ ಹರಿಹರದ ಒಬ್ಬ ದೋಣಿಯವನು ದಂಡೆಯಲ್ಲಿ ಬಿಸಿಲಿಗೆ ನಿಲ್ಲಿಸಿ ಹೋಗಿದ್ದ. ಹಿದಾಯತ್ ಆ ದಂಡೆಯಲ್ಲೇ ದೋಣಿ ಕಾಯುವವರಿಗೆ ನೆರಳಿನ ಮಂಟಪ ಕಟ್ಟಿಸಿದ, ಮುದುಕನಾಗಿದ್ದ ಆ ದೋಣಿಯವನಿಂದಲೇ ಮೊದಲ ಕಲ್ಲು ಹೊರಿಸಿ. ಹೀಗೆ ಊರುಗಳು ಉದ್ಧಾರವಾದವು. ಅವಮಾನ ಮಾಡುವುದರಲ್ಲಿ ನಮ್ಮವರು ಸ್ವಲ್ಪ ಜಿಪುಣರಾಗಿದ್ದರೆ ಜಿಲ್ಲೆಯ ಪ್ರಗತಿ ಎಷ್ಟು ಹಿಂದೆ ಬೀಳುತ್ತಿತ್ತೋ!

ಓಬಕ್ಕನ ಪಾಲಿಗೆ ಬಂದದ್ದೆಲ್ಲ ಕಣದ ಓಣಿಗೆ ಹೋಯಿತು; ಅದೂ ತಿಪ್ಪೇರುದ್ರಪ್ಪನ ಬಾಗಿಲಿಗೆ ಎದುರಾಗಿ. ರಜೆಯ ಮೇಲೆ ಊರಿಗೆ ಹೋಗುವ ಹಿದಾಯತ್ ಹೊತ್ತುಕೊಂಡು ಹೋಗುತ್ತಿದ್ದ.

ಮೊದಲು ಹೋದದ್ದು ಹಳೆಯ ರೈಲು ಇಂಜಿನ್ನಿನ ಹಿತ್ತಾಳೆ ಗಂಟೆ, ಓಣಿಯ ಶಾಲೆಗೆ. ಶಾಲೆ ನಡೆಯುತ್ತಿದ್ದದ್ದು ತಿಪ್ಪೇರುದ್ರಪ್ಪನ ಎದುರು ಮನೆಯ ಜಗಲಿಯಲ್ಲಿ. ಓಣಿಯ ಹಿರಿಯರು ಸೇರಿದರು. ಹಿದಾಯತ್ ಕೈಮುಗಿದು ಹೇಳಿದ.

"ಇದು ಓಬಕ್ಕನ ಮುಯ್ಯಿ ರೀ. ಕೂಗೋದು ತಿಪ್ಪೇರುದ್ರಪ್ಪನೋರೇ ಕೂಗ್ಬೇಕಂತ ಹೇಳ್ಯಾಳೆ."

"ಏನ್ ಮದುವೆ ನಡದೈತಿ ಇಲ್ಲಿ, ಮುಯ್ಯಿ ಕೂಗಾಕೆ?" ಎಂದ ತಿಪ್ಪೇರುದ್ರಪ್ಪ.

"ಮುಯ್ಯಿ ಬ್ಯಾಡ ಅಂತೀರೇನು ಹಂಗಾರೆ?" ಎಂದು ಹಿರಿಯರೊಬ್ಬರು ಕೇಳಿದರು. ಸಭೆ ಆತನ ಬಾಯಿಯನ್ನೇ ನೋಡಿತು. ತಮ್ಮನ ಹೆಂಡತಿಯ ನಂಟು ಹರಿದವನು ಎನ್ನಿಸಿಕೊಂಡರೆ ಮನೆಯಲ್ಲಿ ಬೆಳೆದು ನಿಂತ ಹೆಣ್ಣುಗಳಿಗೆ ಗಂಡು ಸಿಗುವುದಿಲ್ಲ. ತಿಪ್ಪೇರುದ್ರಪ್ಪ ಎದ್ದು ಕೂಗಿದ. ಮಾರನೆಯ ದಿನದಿಂದ ಆತನ ಮಧ್ಯಾಹ್ನದ ನಿದ್ದೆ ಗಂಟೆಗೊಮ್ಮೆ ಎದ್ದು ಕೂತಿತು.

ಆಮೇಲೆ ಗ್ಯಾಸ್‌ಲೈಟು ಬಂತು, ಓಣಿಯ ಕತ್ತಲೆ ಕಳೆಯಲು. ಅದನ್ನು ತೂಗುಹಾಕಿದ್ದು ಆತನ ಬಾಗಿಲ ಬೇವಿನ ಮರಕ್ಕೆ. ಓಣಿಗೆ ಬೆಳಕು, ಆತನಿಗೆ ಹುಳ; ಜಗಲಿಯ ಮೇಲೆ ಮಲಗುವುದು ತಪ್ಪಿತು. ಆಮೇಲೆ ಹೊಲಿಗೆ ಯಂತ್ರಗಳು ಬಂದವು. ಓಣಿಯ ಹೆಂಗಸರೆಲ್ಲ ಕಲಿಯಲು ಹೊರಟರು, ಎಲ್ಲರಿಗಿಂತ ಮುಂದೆ ಆತನ ಸೊಸೆಯರು. ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗದೆ ಆತ ಮಂಡಕ್ಕಿ ತಿಂದುಕೊಂಡು ಗೊಣಗುತ್ತ ಕೂತ. ಪ್ರತಿಯೊಂದಕ್ಕೂ "ಓಬಕ್ಕನ ಮುಯ್ಯೀ" ಎಂದು ಕೂಗಿದವನು ಆತನೇ.

ಆದರೆ ನಿಜವಾದ ಏಟು ಬೇರೆ ಇತ್ತು. ಬಂದ ಮುಯ್ಯಿಯನ್ನು ತೀರಿಸಬೇಕಲ್ಲ? ಓಬಕ್ಕನಿಗೆ ಮಕ್ಕಳಿಲ್ಲ. ಅವಳ ಮನೆಯಲ್ಲಿ ಮದುವೆಯಿಲ್ಲ, ತೊಟ್ಟಿಲಿಲ್ಲ, ಗೃಹಪ್ರವೇಶವಿಲ್ಲ. ತೀರಿಸುವುದಕ್ಕೆ ಒಂದು ಚಪ್ಪರವನ್ನೂ ಅವಳು ಹಾಕಿಸಲೊಲ್ಲಳು. ಪಂಕ್ತಿಯಲ್ಲಿ ಯಾರಾದರೂ "ತಿಪ್ಪೇರುದ್ರಪ್ಪ, ನಿನ್ನ ಮೇಲೆ ಮುಯ್ಯಿ ಬಾಳ ಕುಂತಾವಲ್ಲೋ" ಎಂದರೆ ಆತನ ಕೈಯ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು.

ಕೊನೆಯ ಮುಯ್ಯಿ ನೀರಿನ ಟ್ಯಾಂಕು. ಹೊಲದ ಕಡೆಯ ಸಿಹಿನೀರ ಬಾವಿಗೆ ಎಣ್ಣೆ ಎಂಜಿನ್, ಅಲ್ಲಿಂದ ಓಣಿಗೆ ಕೊಳಾಯಿ, ಓಣಿಯಲ್ಲಿ ಟ್ಯಾಂಕು, ಟ್ಯಾಂಕಿಗೆ ನಲ್ಲಿಗಳು. ಇದಕ್ಕೆ ಮೊಂಬಾಸಾದವರೆಲ್ಲ ಕೈಬಿಚ್ಚಿ ಹಾಕಿದ್ದರು; ದಬ್ಬಣದ ಕತೆ ಅಷ್ಟರಲ್ಲಿ ನೈರೋಬಿಯವರೆಗೂ ಹೋಗಿತ್ತು. ಇದನ್ನು ಮಾತ್ರ ಓಬಕ್ಕ ಎದುರಿಗೆ ಕೂತು ಕೇಳಬೇಕು ಎಂದುಕೊಂಡಳು. ಖಾನಾವಳಿಯನ್ನು ಕೆಂಚವೀರಪ್ಪನಿಗೆ ವಹಿಸಿ, ಹೊಳೆಯುವ ಕೊಡವನ್ನು ಸೀರೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಹಿದಾಯತನ ಜೊತೆ ಹೊರಟು ಬಂದಳು.

ಟ್ಯಾಂಕು ಕಟ್ಟಿದವನು ಹರಿಹರದ ಗೌಂಡಿ ಸಣ್ಣತಿಮ್ಮಪ್ಪ. ಅವನು ತಲೆ ಕೆರೆದುಕೊಂಡು ಹೇಳಿದ್ದ.

"ಅವ್ವಾರೇ, ಗೋಡೆ ಹಸಿ ಐತಿ. ಒಪ್ಪಿಸೋ ದಿನ ಬರೀ ಟ್ಯಾಂಕು ಒಪ್ಪಿಸಿಬಿಡ್ರಿ. ನೀರು ಆಮೇಲೆ ಬಿಡಾಣ."

"ಬರೀ ಪಾತ್ರೆ ಮುಯ್ಯಿ ಕೊಡೋದೇನೋ? ನಾನು ಗತಿಯಿಲ್ಲದಾಗ್ಲೂ ಬರೀದು ಕೊಟ್ಟೋಳಲ್ಲ. ತುಂಬು, ಕಂಠಮಟ್ಟ ತುಂಬು!"

ಮುಯ್ಯಿಯ ಪಾತ್ರೆ ಬರಿದಿರಬಾರದು ಎಂಬುದು ಸಣ್ಣತಿಮ್ಮಪ್ಪನಿಗೂ ಗೊತ್ತು. ಅವನ ಮನೆಯಲ್ಲೂ ಅದೇ ಪದ್ಧತಿ. ಸಿಮೆಂಟಿಗೆ ಮಾತ್ರ ಪದ್ಧತಿ ಗೊತ್ತಿರಲಿಲ್ಲ. ಮುಂದೇನಾಯಿತೆಂದು ಮೊದಲೇ ಹೇಳಿದ್ದೇನೆ.

ಓಬಕ್ಕ ಹೊರಡಬೇಕಿದ್ದ ಹಡಗನ್ನು ಬಿಟ್ಟು ಓಣಿಯಲ್ಲೇ ನಿಂತಳು. ಹಿದಾಯತನೂ ರಜೆ ಬೆಳೆಸಿದ. ಅವಳು ತನ್ನ ಪಾಲಿನ ಹಿತ್ತಲ ಕೋಣೆಯ ಬೀಗ ತೆಗೆದು ಒಲೆ ಹೂಡಿದಳು. ನಡುವೆ ಒಂದು ಗೋಡೆ. ಆ ಕಡೆ ಭಾವ, ಈ ಕಡೆ ಇವಳು. ಗೋಡೆಗೆ ಅಷ್ಟು ಕೆಲಸ ಹಿಂದೆಂದೂ ಬಿದ್ದಿರಲಿಲ್ಲ.

"ಏ ಗೋಡೆ, ಸಣ್ಣತಿಮ್ಮಪ್ಪ ಇವತ್ತು ಒಳಗಿಂದ ಎರಡನೇ ಸಲ ಸಿಮೆಂಟು ಗಿಲಾಯಿ ಮಾಡ್ಯಾನಂತ ಹೇಳು."

"ಏ ಗೋಡೆ, ಹತ್ತು ಸಲ ಮಾಡ್ಲಿ ಅಂತ ಹೇಳು. ಕೊಡೋರ ಕೈಗುಣ ಹಂಗೈತಿ."

"ಏ ಗೋಡೆ, ಕೂಗೋರ ಗಂಟಲು ಸವೀದಂಗೆ ನೋಡ್ಕಳ್ರಿ ಅಂತ ಹೇಳು. ನಂಗೆ ಬೇಕಾಗೈತಿ."

ಬೇಸಿಗೆ ಹೋಗಿ ಮಳೆ ಬಂತು. ಈ ಸಲ ಟ್ಯಾಂಕು ಸೋರಿದರೆ ಸಾಯುವವರೆಗೂ ತಾನು ಸೋರೋ ಕೊಡದ ಓಬಕ್ಕನೇ, ಸತ್ತ ಮೇಲೆ ಸೋರೋ ಟ್ಯಾಂಕಿನ ಓಬಕ್ಕ ಎಂಬುದು ಅವಳಿಗೆ ಗೊತ್ತಿತ್ತು. ದಿನಾ ಏಣಿ ಹತ್ತಿ ಗೋಡೆಗೆ ಕೆನ್ನೆ ಒತ್ತಿ ನೋಡುತ್ತಿದ್ದಳು, ಮಗುವಿಗೆ ಜ್ವರ ಬಿಟ್ಟಿದೆಯೇ ಎಂದು ನೋಡುವ ಹಾಗೆ. ಕೊನೆಗೆ ಸಣ್ಣತಿಮ್ಮಪ್ಪ ಟ್ಯಾಂಕು ತುಂಬಿಸಿ, ಕೆಳಗೆ ಒಣ ಬೂದಿ ಹರಡಿ, ಬೂದಿಯ ಮೇಲೆ ಒಂದು ಚುಕ್ಕೆಯೂ ಬೀಳಲಿಲ್ಲವೆಂದು ತೋರಿಸಿದ. ದೀಪಾವಳಿಯ ಮುಂಚೆ ಮತ್ತೆ ಒಪ್ಪಿಸುವ ದಿನ ಗೊತ್ತಾಯಿತು. ಹರಿಹರದಿಂದ ನೀಲಕ್ಕನೂ ಬಂದಳು, ಈಗ ಅವಳೇ ಸೊಸೆ ಕಂಡವಳು.

ಹಿಂದಿನ ದಿನ ಗೋಡೆಯಾಚೆಯಿಂದ ದೊರಗು ದನಿ ಬಂತು. "ಏ ಗೋಡೆ, ನನ್ನ ಗಂಟಲು ಕಟ್ಟೈತೆ ಅಂತ ಹೇಳು. ನಾಳೆ ಯಾರಾದ್ರೂ ಬ್ಯಾರೇರು ಕೂಗ್ಲಿ."

ಓಬಕ್ಕ ಒಲೆ ಹೊತ್ತಿಸಿದಳು. ಮೆಣಸು, ಶುಂಠಿ, ಬೆಲ್ಲ ಹಾಕಿ ಕಷಾಯ ಕುದಿಸಿ ನೀಲಕ್ಕನ ಕೈಯಲ್ಲಿ ಕಳಿಸಿದಳು. "ನಿಮ್ಮಪ್ಪ ಕುಡಿಯೋತಂಕ ಅಲ್ಲೇ ನಿಂತ್ಕ. ಪೂರ್ತಿ ಕುಡೀಬೇಕು." ಮಗಳು ಹಾಗೆಯೇ ನಿಂತಳು. ಶತ್ರುವಿನ ಗಂಟಲಿಗೆ ಅಷ್ಟು ಅಕ್ಕರೆಯ ಔಷಧ ಯಾರೂ ಮಾಡಿರಲಿಕ್ಕಿಲ್ಲ.

ಒಪ್ಪಿಸುವ ದಿನ ಕುರ್ಚಿಯನ್ನು ಮತ್ತೆ ಟ್ಯಾಂಕಿನ ಕೆಳಗೇ ಹಾಕಿಸಿದಳು. "ಅಕ್ಕಾ, ಸ್ವಲ್ಪ ಆಕಡೆ ಕೂಡ್ರು" ಎಂದು ಹಿದಾಯತ್ ಎಷ್ಟು ಹೇಳಿದರೂ ಕೇಳಲಿಲ್ಲ. ಮೈಮೇಲೆ ಅದೇ ರೇಷ್ಮೆ. ಓಣಿ ಉಸಿರು ಹಿಡಿದು ಟ್ಯಾಂಕಿನ ಮೂಲೆಗಳನ್ನೇ ನೋಡುತ್ತಿತ್ತು. ತಿಪ್ಪೇರುದ್ರಪ್ಪನೂ ನೋಡಿದ, ಬಹಳ ಹೊತ್ತು ನೋಡಿದ. ಏನೂ ಒಸರಲಿಲ್ಲ.

"ಓಬಕ್ಕನ ಮುಯ್ಯೀ... ಒಂದು ನೀರಿನ ಟ್ಯಾಂಕೂ..."

ನಿಲ್ಲಿಸಿದ. ಓಬಕ್ಕ ಬೇವಿನ ಮರಕ್ಕೆ ಹೇಳಿದಳು. "ಏ ಮರ, ಇನ್ನೊಂದು ಮಾತು ಉಳಿದೈತೆ ಅಂತ ಹೇಳು. ಸೋರ್ತೈತೋ ಇಲ್ಲೋ, ಬಾಯಿಬಿಟ್ಟು ಹೇಳ್ಲಿ. ಹರಿಹರಕ್ಕೂ ಕೇಳ್ಬೇಕು."

ತಿಪ್ಪೇರುದ್ರಪ್ಪನ ಕತ್ತಿನ ನರಗಳು ಉಬ್ಬಿದವು. "...ಸೋರಂಗಿಲ್ಲಾ!"

ಕಷಾಯ ಚೆನ್ನಾಗಿ ಕೆಲಸ ಮಾಡಿತ್ತು. ಕಾಗೆಗಳು ಹಾರಿದವು. ಓಬಕ್ಕ ಕಣ್ಣು ಮುಚ್ಚಿ ಆ ಕೂಗನ್ನು ತುಪ್ಪದ ಹಾಗೆ ನಿಧಾನವಾಗಿ ನುಂಗಿದಳು. ಹೆಂಗಸರು ನಲ್ಲಿ ತಿರುಗಿಸಿದರು. ಇನ್ನು ದಿನಾ ಬೆಳಗಾದರೆ ತಿಪ್ಪೇರುದ್ರಪ್ಪನ ಕಿವಿಯ ಬುಡದಲ್ಲಿ ಓಣಿಯ ಕೊಡಗಳೆಲ್ಲ ಓಬಕ್ಕನ ಹೆಸರು ಹೇಳಿ ಠಣಠಣ ಎನ್ನುತ್ತವೆ.

ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ತಿಪ್ಪೇರುದ್ರಪ್ಪ ಕೂರಲಿಲ್ಲ. ಮನೆಯೊಳಗೆ ಹೋಗಿ, ಎರಡೂ ಕೈಯಲ್ಲಿ ಏನನ್ನೋ ತಬ್ಬಿಕೊಂಡು ಹೊರಗೆ ಬಂದ. ತಾಮ್ರದ ಕೊಡ, ಕಂಠಮಟ್ಟ ಬಿಳಿಜೋಳ. ಬುಡದಲ್ಲಿ ದೊಡ್ಡ ನಾಣ್ಯದಂಥ ಹೊಸ ಬೆಸುಗೆ.

"ಓಣಿ ಕೂಡಿರೋದೇ ಚಪ್ಪರ. ಇದೇ ಅಕಿ ಮನೀ ಕಾರ್ಯ ಅಂದ್ಕಂಡು ತೀರುಸ್ತೀನಿ, ಕೇಳ್ರಪ್ಪಾ! ತಿಪ್ಪೇರುದ್ರಪ್ಪನ ಮುಯ್ಯೀ... ಒಂದು ಕೊಡಾ, ಕೊಡದ ತುಂಬ ಕಾಳೂ... ಸೋರಂಗಿಲ್ಲಾ!"

ನೀಲಕ್ಕನ ಮದುವೆಯ ಕೊಡ. ಅವಳ ಗಂಡನ ಮನೆಯ ಅಟ್ಟದಿಂದ ತರಿಸಿ, ಪೇಟೆಯಲ್ಲಿ ಬೆಸುಗೆ ಹಾಕಿಸಿದ್ದ. ಗಂಟೆ, ಟ್ಯಾಂಕು ಎಲ್ಲ ಓಣಿಗೆ ಬಂದವು, ಆತನ ಮನೆಗೆ ಬಂದದ್ದು ಆ ಕೊಡವೊಂದೇ; ಅದಕ್ಕೆ ಚೂರು ಸೇರಿಸಿ ಹಿಂದಿರುಗಿಸಿದ ಲೆಕ್ಕ. ಬಂದ ಮುಯ್ಯಿಯನ್ನು ಓಬಕ್ಕ ಬೇಡವೆನ್ನುವಂತಿಲ್ಲ. ಓಣಿ ಈಗ ಅವಳ ಕಡೆ ತಿರುಗಿತು. ಅವಳ ಮುಖದ ನಗೆ ಹುಳಿಯಾಯಿತು. ಇಷ್ಟು ವರ್ಷ ತೀರಲು ಬಿಡದೆ ಬೆಳೆಸಿದ ಮುಯ್ಯಿಯನ್ನು ಆ ಮನುಷ್ಯ ಒಂದು ಕೂಗಿನಲ್ಲಿ ತೀರಿಸಿಬಿಡುವುದೆಂದರೇನು?

ಅವಳು ಎದ್ದಳು. ಜೋಳವನ್ನು ನೀಲಕ್ಕನ ಮಡಿಲಿಗೆ ಸುರಿದಳು. ಕೊಡವನ್ನು ನಲ್ಲಿಯ ಕೆಳಗೆ ಹಿಡಿದು ತುಂಬಿದಳು. ಸೊಂಟಕ್ಕೇರಿಸಿ ಓಣಿಯ ಆ ತುದಿಯವರೆಗೆ ನಡೆದಳು. ಈ ಸಲ ಓಡಲಿಲ್ಲ. ಮದುವಣಗಿತ್ತಿಯ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದಳು. ಓಣಿಯ ಕಣ್ಣೆಲ್ಲ ಅವಳ ಹಿಂದಿನ ಧೂಳಿನ ಮೇಲೆ. ಒಂದು ಹನಿ ಬಿದ್ದರೆ ಸಾಕು, ಕೂಗಲು ಅವಳ ಬಾಯಲ್ಲಿ ಮಾತು ಸಿದ್ಧವಾಗಿತ್ತು. ತಿಪ್ಪೇರುದ್ರಪ್ಪ ಬೆಸುಗೆಯವನ ಕುಲದೇವರನ್ನು ನೆನೆಯುತ್ತ ನಿಂತಿದ್ದ. ಅವಳು ಹೋಗಿ ತಿರುಗಿ ಬಂದಳು.

ನೆಲ ಒಣಗಿಯೇ ಇತ್ತು.

"ಏ ಮರ," ಎಂದಳು ಓಬಕ್ಕ ಕೊಡ ಇಳಿಸುತ್ತ, ಹಲ್ಲು ಕಚ್ಚಿಕೊಂಡು. "ಮುಂದಿನ ವರ್ಷ ಹಿಟ್ಟಿನ ಗಿರಣಿ ಕಳುಸ್ತೀನಿ ಅಂತ ಹೇಳು. ಅವರ ಕಿಟಕಿಗೆ ಹತ್ತಿರಾಗೋ ಜಾಗ ನೋಡಿಟ್ಟೀನಿ."

ಜನ ಚದುರಿದರು. ಹಿತ್ತಲ ಕೋಣೆಯಲ್ಲಿ ಓಬಕ್ಕ ಬೆಸುಗೆಯ ಕೊಡವನ್ನೂ ಪೆಟ್ಟಿಗೆಯ ಕೊಡವನ್ನೂ ಪಕ್ಕಪಕ್ಕ ಇಟ್ಟು ಕೂತಳು. ನೀಲಕ್ಕನ ಮದುವೆಯಾದ ಮೇಲೆ ಎರಡೂ ಮೊದಲ ಸಲ ಒಟ್ಟಿಗೆ ಕೂತಿದ್ದವು. ನೀಲಕ್ಕ ಬಂದು ಅವಳ ಮೊಣಕಾಲಿಗೆ ಒರಗಿ ಕೂತಳು. ಹೊಸ್ತಿಲ ಆಚೆ ಹಿದಾಯತ್ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

"ಚಿಗವ್ವಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಹಿದಾಯತಣ್ಣ ಊರೆಲ್ಲ ಹೇಳ್ಯಾನೆ. ನನ್ನ ಮದುವ್ಯಾಗೆ ಆ ಕೊಡಕ್ಕೆ ನಮ್ಮಪ್ಪನೇ ದಬ್ಬಣ ಹಾಕಿ ತೂತು ಮಾಡಿದ್ನಾ? ಖರೇ ಹೇಳು."

ಹಗ್ಗ ಬಿಗಿಯುವ ಸದ್ದು ನಿಂತಿತು.

"ನಿಮ್ಮಪ್ಪ ಯಾಕ ಮಾಡ್ತಾನೆ?" ಎಂದಳು ಓಬಕ್ಕ, ಹೊಳೆಯುವ ಕೊಡವನ್ನು ಸೆರಗಿನಿಂದ ಒರೆಸುತ್ತ. "ಅದು ಪಾಲಿಗೆ ಬಂದಾಗಿಂದ್ಲೂ ಸೋರ್ತಿತ್ತು. ಇದ್ದಿದ್ದು ಎರಡು ಕೊಡ ಕಣೇ. ಒಳ್ಳೇದು ನಂಗೆ ಬೇಕಾಗಿತ್ತು."